ರೈಟ್ ಎಡ್ಡಿಂಗ್

ಕಣ್ಣು ಕಟ್ಟಿ ಕುರ್ಚಿ ತಿರುಗಿಸುವುದು ನನ್ನ ಮೊದಲ ಪಾಠವಾಗಿತ್ತು. ಆಫೀಸಿನ ಚಕ್ರದ ಕುರ್ಚಿಯಲ್ಲಿ ವಿದ್ಯಾರ್ಥಿಯನ್ನು ಕೂರಿಸಿ, ಕಣ್ಣಿಗೆ ಕರವಸ್ತ್ರ ಬಿಗಿದು, ನಿಧಾನವಾಗಿ ಒಂದೇ ಸಮನೆ ಬಲಕ್ಕೆ ತಿರುಗಿಸುತ್ತಿದ್ದೆ. ಅರ್ಧ ನಿಮಿಷ ಕಳೆದ ಮೇಲೆ "ಈಗ ಯಾವ ಕಡೆ ತಿರುಗ್ತಿದೆ?" ಅಂದರೆ "ನಿಂತಿದೆ ಮೇಡಂ" ಅನ್ನುತ್ತಿದ್ದರು. ಕುರ್ಚಿ ತಿರುಗುತ್ತಲೇ ಇರುತ್ತಿತ್ತು. ಆಮೇಲೆ ನಿಜವಾಗಿಯೂ ನಿಲ್ಲಿಸಿದರೆ "ಈಗ ಎಡಕ್ಕೆ ತಿರುಗ್ತಿದೆ" ಎಂದು ಆಣೆ ಮಾಡಿ ಹೇಳುತ್ತಿದ್ದರು. ಕರವಸ್ತ್ರ ಬಿಚ್ಚಿದಾಗ ಅವರ ಪೆಚ್ಚು ಮುಖ ನೋಡುವುದು ಆ ಕೆಲಸದಲ್ಲಿ ನನಗೆ ಸಿಗುತ್ತಿದ್ದ ದೊಡ್ಡ ಖುಷಿ.

"ನೋಡಿದ್ರಲ್ಲ, ಮೈ ಸುಳ್ಳು ಹೇಳುತ್ತೆ. ಮೋಡದೊಳಗೆ ಹೊಕ್ಕ ಮೇಲೆ ಮೈ ಮಾತು ಕೇಳಿದವರು ಯಾರೂ ಮನೆಗೆ ಬರಲ್ಲ. ಎದುರಿಗಿರೋ ಉಪಕರಣ ಏನು ಹೇಳುತ್ತೋ ಅದೇ ನಿಜ" ಅನ್ನುತ್ತಿದ್ದೆ. ಇದನ್ನು ಹೇಳುವ ಹಕ್ಕು ನನಗಿತ್ತು. ನನ್ನ ಎಡಗಿವಿಯ ಒಳಗೆ ಏನೋ ಕೆಟ್ಟು, ಸುಮ್ಮನೆ ನಿಂತಾಗಲೂ ತಲೆ ಗಿರ್ರನೆ ತಿರುಗಲು ಶುರುವಾಗಿ, ವಿಮಾನ ಹಾರಿಸುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಹತ್ತು ವರ್ಷ ಆಕಾಶದಲ್ಲಿ ಪಾಠ ಹೇಳಿದವಳು ಸಿಮ್ಯುಲೇಟರಿನ ಪಕ್ಕದ ಮೇಜಿಗೆ ಬಂದು ಕೂತಿದ್ದೆ. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು ನಾನು. ನೆಲಕ್ಕಿಳಿದ ಮೇಲೆ ಅದು ಇನ್ನೂ ಹೆಚ್ಚಾಯಿತು.

ನಮ್ಮ ತರಬೇತಿ ಕೇಂದ್ರವಿದ್ದದ್ದು ಮಹದೇವಪುರದಲ್ಲಿ, ರಿಂಗ್ ರೋಡಿನಿಂದ ಎರಡು ತಿರುವು ಒಳಗೆ, ಒಂದು ಟೆಕ್ ಪಾರ್ಕಿನ ಗಾಜಿನ ಗೋಡೆಯ ಹಿಂದಿದ್ದ ಹಳೇ ಶೆಡ್ಡಿನ ಮಹಡಿಯ ಮೇಲೆ. ಕೆಳಗೆ ತಗಡು ಒತ್ತುವ ಪ್ರೆಸ್ ಮಷಿನ್ನುಗಳು. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಧಡ್ ಧಡ್ ಎಂದು ನಮ್ಮ ನೆಲ ನಡುಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ಮಾತ್ರ ಆ ನೆಪಕ್ಕೂ ಒಂದಿಷ್ಟು ಆಧಾರವಿತ್ತು.

ಸಿಮ್ಯುಲೇಟರ್ ಅಂದರೆ ಅಲ್ಲಿಂದಿಲ್ಲಿಗೆ ಅಲುಗಾಡದ ಒಂದು ಪೆಟ್ಟಿಗೆ. ಒಳಗೆ ನಿಜವಾದ ಸಣ್ಣ ವಿಮಾನದಲ್ಲಿರುವ ಹಾಗೇ ಉಪಕರಣ, ಹಿಡಿಕೆ, ಪೆಡಲು. ಕಿಟಕಿಯ ಜಾಗದಲ್ಲಿ ಪರದೆ, ಪರದೆಯ ತುಂಬ ಬೂದು ಮೋಡ. ನಾನು ಹೊರಗೆ ಕೂತು, ಮೈಕಿನಲ್ಲಿ ಕಂಟ್ರೋಲ್ ಟವರಿನವಳ ಹಾಗೆ ಆದೇಶ ಕೊಡಬೇಕು. ಅವರು ಅದನ್ನು ತಿರುಗಿ ಹೇಳಿ, ಹಾಗೆಯೇ ಹಾರಿಸಬೇಕು. "ಟರ್ನ್ ರೈಟ್ ಹೆಡ್ಡಿಂಗ್ ಝೀರೋ ನೈನ್ ಝೀರೋ" ಅಂದರೆ, ಬಲಕ್ಕೆ ತಿರುಗಿ ವಿಮಾನದ ಮೂತಿಯನ್ನು ತೊಂಬತ್ತು ಡಿಗ್ರಿಗೆ, ಅಂದರೆ ಪೂರ್ವಕ್ಕೆ, ಇಡು ಅಂತ. ಹೆಡ್ಡಿಂಗ್ ಅನ್ನುವುದು ಮೂತಿ ನೋಡುತ್ತಿರುವ ದಿಕ್ಕು, ಅಷ್ಟೇ. ಆ ಒಂದು ಪದ ಒಬ್ಬ ಮನುಷ್ಯನ ಬದುಕಿಗೆ ಅಡ್ಡ ಬಂದು ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಅವನು ಬಂದ. ವರ್ತೂರಿನವನು, ಇಪ್ಪತ್ತಮೂರು ವಯಸ್ಸು. ಕೆರೆಯ ಪಕ್ಕದಲ್ಲಿ ತಲೆತಲಾಂತರದಿಂದ ಇದ್ದ ಮನೆತನ. ಸೊಪ್ಪು ಬೆಳೆಯುತ್ತಿದ್ದ ಅವರ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು, ಅದೇ ಅಪಾರ್ಟ್‌ಮೆಂಟಿಗೆ ಅವರ ಮನೆಯವರೇ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ಚಿಕ್ಕವನಿದ್ದಾಗ ಹಳೇ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಅವರ ಕೆರೆ ಏರಿಯ ಮೇಲೇ ಹೋಗುತ್ತಿದ್ದವಂತೆ. "ಚಕ್ರ ಬಿಚ್ಚೋದೂ ಕಾಣ್ತಿತ್ತು ಮೇಡಂ" ಅಂದಿದ್ದ. ಅಂದು ಹತ್ತಿದ ಹುಚ್ಚು ಬಿಟ್ಟಿರಲಿಲ್ಲ. ಕಣ್ಣಿಗೆ ನೆಲ ಕಾಣುವಾಗ ಅವನ ಹಾರಾಟಕ್ಕೆ ಸಾಟಿಯಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಸುತ್ತಾನೆ ಎಂದು, ನಿಜವಾದ ವಿಮಾನದಲ್ಲಿ ಕಲಿಸುವ ಏರ್‌ಸ್ಟ್ರಿಪ್ಪಿನ ತರಬೇತುದಾರರು ಬರೆದು ಕಳಿಸಿದ್ದರು.

ನನ್ನ ಪೆಟ್ಟಿಗೆಯೊಳಗೆ ಕೂತ ಮೊದಲ ದಿನ ನಾನು "ಟರ್ನ್ ರೈಟ್ ಹೆಡ್ಡಿಂಗ್ ಝೀರೋ ನೈನ್ ಝೀರೋ" ಅಂದೆ.

"ರೈಟ್ ಎಡ್ಡಿಂಗ್ ಝೀರೋ ನೈನ್ ಝೀರೋ" ಎಂದು ತಿರುಗಿ ಹೇಳಿದ. ಹೇಳಿ, ಎಡಕ್ಕೆ ತಿರುಗಿದ.

ಮೊದಲ ದಿನದ ಗಾಬರಿ ಅಂದುಕೊಂಡೆ. ಎರಡನೆಯ ದಿನವೂ ಅದೇ. ಬಾಯಲ್ಲಿ ರೈಟ್, ಕೈ ಎಡಕ್ಕೆ. ಮರುಕ್ಷಣವೇ ತಿಳಿದು ತಿದ್ದಿಕೊಳ್ಳುತ್ತಿದ್ದ, ಅಷ್ಟರಲ್ಲಿ ಎತ್ತರ ಹೋಗಿ, ವೇಗ ಹೋಗಿ, ಎಲ್ಲ ಕಲಸುಮೇಲೋಗರ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವನ ಬ್ಯಾಚಿನ ಇಬ್ಬರು "ರೈಟಾ, ಎಡಾನಾ? ಒಂದು ಹೇಳು ಗುರು" ಎಂದು ಕಿಸಕ್ಕನೆ ನಕ್ಕರು. ವಾರದೊಳಗೆ ಅವನ ಹೆಸರೇ ಎಡ್ಡಿಂಗ್ ಆಯಿತು.

ನಮ್ಮ ಮುಖ್ಯ ತರಬೇತುದಾರರನ್ನು ಎಲ್ಲರೂ ಚೀಫ್ ಅನ್ನುತ್ತಿದ್ದರು. ದೊಡ್ಡ ವಿಮಾನಗಳನ್ನು ಹಾರಿಸಿ ಬಂದವರು, ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಮನೆಮಾತು ಕನ್ನಡವೇ. ಆದರೆ ಕೇಂದ್ರದ ಬಾಗಿಲು ದಾಟಿ ಒಳಗೆ ಬಂದರೆ ವಿದ್ಯಾರ್ಥಿಗಳೊಂದಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂದು ಗೋಡೆಗೆ ಹಾಳೆ ಅಂಟಿಸಿದ್ದರು. ಒಂದು ದಿನ ಇವನ ಪಾಠ ನಡೆಯುವಾಗ ಬಂದು ನಿಂತು ನೋಡಿದರು. ನನ್ನನ್ನು ಕೋಣೆಗೆ ಕರೆದು, "ಹ ಕಾರ ಬರದೋನಿಗೆ ರೇಡಿಯೋ ಯಾಕ್ರೀ ಕೊಡ್ತೀರಿ? ಹಾರಾಟನೂ ಹಂಗೇ ಇದೆ. ಮುಂದಿನ ಶುಕ್ರವಾರ ನಾನೇ ಕೂತು ಚೆಕ್ ಟೆಸ್ಟ್ ತಗೋತೀನಿ. ಅವತ್ತೂ ಹಿಂಗೇ ಆದ್ರೆ ಇನ್‌ಸ್ಟ್ರುಮೆಂಟ್ ಹಾರಾಟಕ್ಕೆ ಲಾಯಕ್ಕಿಲ್ಲ ಅಂತ ಬರೀತೀನಿ. ನೀವೂ ಸಹಿ ಹಾಕಬೇಕು" ಅಂದರು.

ಆ ಸಹಿ ಬಿದ್ದರೆ ಅವನ ಕಥೆ ಮುಗಿದ ಹಾಗೆ. ಮೋಡದಲ್ಲಿ ಹಾರಲು ಬಾರದವನನ್ನು ಯಾವ ಕಂಪನಿಯೂ ಕರೆಯುವುದಿಲ್ಲ. ಹನ್ನೊಂದು ದಿನ ಉಳಿದಿತ್ತು.

ಆ ಹನ್ನೊಂದರಲ್ಲಿ ನಾಲ್ಕನ್ನು ನಾನೇ ಹಾಳು ಮಾಡಿದೆ. ಹೇಗೆ ಅಂದರೆ, ಅವನ ಹ ಕಾರ ತಿದ್ದಲು ಹೊರಟೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, "ಉಸಿರು ಕೈಗೆ ತಾಗಬೇಕು. ಹೆ. ಹೆಡ್ಡಿಂಗ್. ಹೇಳು" ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿಸಿದೆ. ಕೂತು ಹೇಳುವಾಗ ಬರುತ್ತಿತ್ತು. ಪೆಟ್ಟಿಗೆಯೊಳಗೆ ಹೋದ ಕೂಡಲೇ ಹ ಕಾರ ಬೇಕಾದಲ್ಲಿ ಬಾರದೆ, ಬೇಡವಾದ ಕಡೆಯೆಲ್ಲ ಹುಟ್ಟಿಕೊಂಡಿತು. ಆಲ್ಟಿಟ್ಯೂಡ್ ಹೋಗಿ ಹಾಲ್ಟಿಟ್ಯೂಡ್ ಆಯಿತು, ಏರ್‌ಸ್ಪೀಡ್ ಹೇರ್‌ಸ್ಪೀಡ್ ಆಯಿತು. "ಹಾಲು ಎಷ್ಟು ಲೀಟರ್ ಗುರು?" ಎಂದು ಹಿಂದಿನ ಬೆಂಚು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಅವನಿಗೆ, ಮತ್ತು ಎಡವಿಸಿದವಳು ನಾನು. ಆ ಬೆಂಚಿನವರಿಬ್ಬರನ್ನೂ ಎಬ್ಬಿಸಿ ಹೊರಗೆ ಕಳಿಸಿದೆ. ಆದರೆ ಆದದ್ದು ಆಗಿತ್ತು. ಅವನು ಈಗ ಮಾತಾಡಲೇ ಹೆದರುತ್ತಿದ್ದ.

ನಾನು ಯಾಕೆ ಹಾಗೆ ಮಾಡಿದೆ ಎಂದು ನನಗೆ ಗೊತ್ತು. ನಾನು ಚಂದಾಪುರದ ಆಚೆಯ ಹಳ್ಳಿಯವಳು. ನಮ್ಮ ಮನೆಯಲ್ಲೂ ಹಾಲು ಆಲೇ, ಹಸು ಅಸುವೇ. ಐದನೇ ಕ್ಲಾಸಿಗೆ ಕಾನ್ವೆಂಟಿಗೆ ಸೇರಿದಾಗ ಒಂದು ದಿನ ಡಬ್ಬಿ ತೆರೆದು "ಅಣ್ಣು ತಂದಿದೀನಿ" ಅಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತು. ಯಾರ ಅಣ್ಣ, ಎಲ್ಲಿದ್ದಾನೆ ಎಂದು ಡಬ್ಬಿಯೊಳಗೆ ಹುಡುಕಿದರು. ಅಂದಿನಿಂದ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅಂಗೈಗೆ ಉಸಿರು ಊದಿ ಊದಿ ಹ ಕಾರ ಕಲಿತೆ. ಅಮ್ಮ ಒಮ್ಮೆ ಸ್ಕೂಲಿಗೆ ಬಂದು ಟೀಚರಿಗೆ "ನಮ್ ಉಡುಗಿ ಎಂಗೆ ಓದ್ತಾಳೆ?" ಎಂದು ಕೇಳಿದಾಗ ನಾನು ತಲೆ ತಗ್ಗಿಸಿ ನಿಂತೆ. ಮನೆಗೆ ಬಂದು, ಇನ್ನು ಮೇಲೆ ನೀನು ಸ್ಕೂಲಿಗೆ ಬರಬೇಡ ಅಂದೆ. ಅಮ್ಮ ಯಾಕೆ ಅಂತಲೂ ಕೇಳಲಿಲ್ಲ, ಬರುವುದನ್ನು ನಿಲ್ಲಿಸಿದಳು. ಅದನ್ನು ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆ ಅಸಹ್ಯವಾಗುತ್ತದೆ.

ಐದನೆಯ ದಿನ ತಪ್ಪಿನ ಬುಡ ಸಿಕ್ಕಿತು, ಅದೂ ನನ್ನ ಅವಸರದಿಂದ. ಮಧ್ಯಾಹ್ನ ಕರೆಂಟು ಹೋಗುವ ಹೊತ್ತಾಗುತ್ತಿತ್ತು, ಅಷ್ಟರಲ್ಲಿ ಮುಗಿಸೋಣವೆಂದು ಗಡಿಬಿಡಿಯಲ್ಲಿ "ಟರ್ನ್ ರೈಟ್ ಝೀರೋ ನೈನ್ ಝೀರೋ" ಅಂದುಬಿಟ್ಟೆ. ಹೆಡ್ಡಿಂಗ್ ಅನ್ನುವ ಪದ ಬಾಯಿಂದ ಬಿಟ್ಟುಹೋಗಿತ್ತು. ಅವನು ಸಲೀಸಾಗಿ ಬಲಕ್ಕೆ ತಿರುಗಿದ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಪದ ಸೇರಿಸಿ ಹೇಳಿದೆ, ಎಡಕ್ಕೆ ಹೋದ. ಪದ ಬಿಟ್ಟು ಹೇಳಿದೆ, ಬಲಕ್ಕೆ ಹೋದ. ಅಷ್ಟರಲ್ಲಿ ಕರೆಂಟು ಹೋಯಿತು, ಕೆಳಗಿನ ಪ್ರೆಸ್ಸುಗಳೂ ಸುಮ್ಮನಾದವು.

ಟೀ ಅಂಗಡಿಗೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿದೆ. "ಹೆಡ್ಡಿಂಗ್ ಅಂದಾಗ ನಿನಗೆ ಏನಾಗುತ್ತೆ? ಕನ್ನಡದಲ್ಲೇ ಹೇಳು, ಇಲ್ಲಿ ಗೋಡೆ ಇಲ್ಲ."

ಅವನು ಲೋಟ ತಿರುಗಿಸುತ್ತಾ ಕೂತ. "ನಗಾಕಿಲ್ಲ ಅಂದ್ರೆ ಯೋಳ್ತೀನಿ ಮೇಡಂ."

"ನಗಲ್ಲ."

"ನಾಕೈದು ವರ್ಸ ಟ್ಯಾಂಕರ್ ಓಡ್ಸಿದೀನಿ. ಅಪಾರ್ಟ್‌ಮೆಂಟಿನ ಸಂದೀಲಿ ರಿವರ್ಸ್ ಒಡೀಬೇಕಾದ್ರೆ ಇಂದ್ಗಡೆ ಏನೂ ಕಾಣಾಕಿಲ್ಲ. ನಮ್ ದೊಡ್ಡಪ್ಪ ಇಂದೆ ನಿಂತ್ಕಂಡು ಕೂಗ್ತದೆ, ಎಡ ಎಡ ಎಡ, ಬರ್ಲಿ ಬರ್ಲಿ ಅಂತ. ಎಡ ಅಂದ್ರೆ ತಲೆ ಏನೂ ಯೋಚ್ನೆ ಮಾಡಾಕಿಲ್ಲ, ಕೈಯೇ ಓಯ್ತದೆ. ನೀವು ಎಡ್ಡಿಂಗ್ ಅಂದ್ರೂ ಅಂಗೇ ಆಯ್ತದೆ."

ನಗುವುದಿಲ್ಲ ಅಂದಿದ್ದವಳು ನಕ್ಕುಬಿಟ್ಟೆ. ಅವನನ್ನು ಕಂಡಲ್ಲ, ನನ್ನ ಪೆದ್ದುತನವನ್ನು ಕಂಡು. ಕಣ್ಣಿಗೆ ಏನೂ ಕಾಣದೆ, ಕಿವಿಗೆ ಬಿದ್ದದ್ದನ್ನು ನಂಬಿ ಗಾಡಿ ನಡೆಸುವುದನ್ನು ಈ ಮನುಷ್ಯ ವರ್ಷಗಟ್ಟಲೆ ಮಾಡಿದ್ದಾನೆ. ಕಿವಿ ನಂಬಿ ಬದುಕಿದವನಿಗೆ ಕಿವಿ ಬಿಡು, ಕಣ್ಣೆದುರಿನ ಅಂಕಿ ನಂಬು ಎಂದು ಹೇಳಿಕೊಡಬೇಕಾದವಳು ನಾನು, ಹ ಕಾರ ಹಿಡಿದುಕೊಂಡು ಕೂತಿದ್ದೆ. ಅಜ್ಜಿಗೆ ಅರಿವೆ ಚಿಂತೆಯಾದರೆ ಮೊಮ್ಮಗಳಿಗೆ ಇನ್ನೇನೋ ಚಿಂತೆಯಂತೆ. ನಮ್ಮ ಕೇಂದ್ರದ ಚಿಂತೆ ಅಂಥದ್ದಾಗಿತ್ತು.

"ಇವತ್ತಿಂದ ನೀನು ಎಡ್ಡಿಂಗ್ ಅಂತಲೇ ಅನ್ನು. ನಿನ್ನ ಹ ಕಾರದ ಸುದ್ದಿಗೆ ನಾನು ಬರಲ್ಲ. ಆದರೆ ಅಂಕಿ ಮೊದಲು, ಕೈ ಆಮೇಲೆ" ಅಂದೆ.

ಮರುದಿನದಿಂದ ಪಾಠ ಪೂರ್ತಿ ಕನ್ನಡದಲ್ಲಿ. ಗೋಡೆಯ ಮೇಲಿನ ಹಾಳೆ ಕಿತ್ತು ಮೇಜಿನ ಡ್ರಾಯರಿಗೆ ಹಾಕಿದೆ. ಎದುರಿಗೆ ಆರು ಉಪಕರಣ. ನಡುವೆ ವಿಮಾನ ವಾಲಿದೆಯೋ ನೆಟ್ಟಗಿದೆಯೋ ತೋರಿಸುವುದು. "ಅದು ನಡುಮನೆ. ಎತ್ತರ ನೋಡೋ ಕೋಣೆಗೆ ಹೋಗು, ನಡುಮನೆಗೆ ವಾಪಸ್ ಬಾ. ವೇಗ ನೋಡೋ ಕೋಣೆಗೆ ಹೋಗು, ಮತ್ತೆ ನಡುಮನೆ. ಕೋಣೆಯಿಂದ ಕೋಣೆಗೆ ಸುತ್ತಬೇಡ, ಎಲ್ಲೂ ಕೂತುಬಿಡಬೇಡ." ಇದನ್ನು ಇಂಗ್ಲಿಷಿನಲ್ಲಿ ನೂರು ಸಲ ಹೇಳಿದ್ದೆ. ಈಗ ಒಂದೇ ಸಲಕ್ಕೆ ಅವನ ಕಣ್ಣು ಓಡಾಡಲು ಶುರು ಮಾಡಿತು.

ತಿರುವಿಗೆ ಬೇರೆ ಮದ್ದು. ಆದೇಶ ಬಂದ ಕೂಡಲೇ ಕೈ ಕಲ್ಲಾಗಬೇಕು. ಅಂಕಿಯನ್ನು ತಿರುಗಿ ಹೇಳಬೇಕು. ದಿಕ್ಕು ತೋರಿಸುವ ಬಿಲ್ಲೆಯಲ್ಲಿ ಆ ಅಂಕಿ ಯಾವ ಪಕ್ಕದಲ್ಲಿದೆ ಎಂದು ಕಣ್ಣಲ್ಲಿ ಮುಟ್ಟಬೇಕು. ಆಮೇಲಷ್ಟೇ ಕೈ. ಅದು ಗಟ್ಟಿಯಾಗಲಿ ಎಂದು ನಾನು ಪೆಟ್ಟಿಗೆಯ ಹಿಂದೆ ನಿಂತು ಅವನ ದೊಡ್ಡಪ್ಪನ ಹಾಗೆ ಕೂಗುತ್ತಿದ್ದೆ. "ಎಡ ಎಡ ಎಡ! ಬರ್ಲಿ ಬರ್ಲಿ! ಎಡ!" ಅವನು ಹಲ್ಲು ಕಚ್ಚಿಕೊಂಡು ನೇರ ಹಾರಿಸಬೇಕು. ಮೊದಲೆರಡು ದಿನ ಕೈ ಹಾರುತ್ತಿತ್ತು. ಮೂರನೆಯ ದಿನ ಬೆರಳು ಮಾತ್ರ ಮಿಡುಕಿತು.

ಹಾಗೆ ಕೂಗುತ್ತಿರುವಾಗಲೇ ಒಂದು ದಿನ ಬಾಗಿಲಲ್ಲಿ ಚೀಫ್.

"ಇದೇನ್ ಮೇಡಂ, ಲಾರಿ ಸ್ಟ್ಯಾಂಡಾ?"

"ಟ್ಯಾಂಕರ್ ಸಾರ್" ಅಂದೆ.

ಅವರ ಕಣ್ಣು ಖಾಲಿ ಗೋಡೆಯ ಮೇಲೆ ಹೋಯಿತು. "ಇಲ್ಲಿದ್ದ ನೋಟೀಸ್ ಎಲ್ಲಿ?"

"ನಾನೇ ತೆಗೆದೆ. ರೇಡಿಯೋದಲ್ಲಿ ಇಂಗ್ಲಿಷ್ ಬೇಕು ಸಾರ್, ಅವನು ಮಾತಾಡ್ತಾನೆ. ತಲೆಯೊಳಗೆ ಯಾವ ಭಾಷೆ ಇರಬೇಕು ಅಂತ ಯಾವ ನಿಯಮದಲ್ಲೂ ಬರೆದಿಲ್ಲ. ಶುಕ್ರವಾರ ಅವನು ತಪ್ಪಿದ್ರೆ ನನ್ನನ್ನೂ ಮನೆಗೆ ಕಳಿಸಿ."

"ಕಳಿಸ್ತೀನಿ" ಅಂದರು. ತಮಾಷೆಗೆ ಅಂದಿರಲಿಲ್ಲ. ಆದರೂ ನಾನು ಕಡ್ಡಿ ಮುರಿದ ಹಾಗೆ ಹೇಳಿದ್ದಕ್ಕೆ ನನಗೆ ಒಳಗೊಳಗೇ ಹಬ್ಬವಾಗಿತ್ತು. ಕಾನ್ವೆಂಟಿನ ಹುಡುಗಿಗೆ ಅಂದು ಬಾರದ ಮಾತು ನಲವತ್ತು ದಾಟಿದ ಮೇಲೆ ಬಂದಿದೆ, ಬರಲಿ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಚೆಕ್. ಚೀಫ್ ನನ್ನ ಮೇಜಿನಲ್ಲಿ ಕೂತು ಮೈಕು ಹಾಕಿಕೊಂಡರು. ನಾನು ಹಿಂದೆ ಗೋಡೆಗೆ ಒರಗಿ ನಿಂತೆ. ಬಾಯಿ ಬಿಡುವಂತಿರಲಿಲ್ಲ. ಕೆಳಗಿನ ಪ್ರೆಸ್ಸು ಒಂದೊಂದು ಸಲ ಬಡಿದಾಗಲೂ ಪರದೆಯ ಮೋಡ ಸಣ್ಣಗೆ ಅದುರುತ್ತಿತ್ತು.

"ಟರ್ನ್ ರೈಟ್ ಹೆಡ್ಡಿಂಗ್ ಝೀರೋ ನೈನ್ ಝೀರೋ." ಹ ಕಾರದ ಮೇಲೆ ಬೇಕೆಂದೇ ಒತ್ತು ಕೊಟ್ಟರು.

"ರೈಟ್ ಎಡ್ಡಿಂಗ್ ಝೀರೋ ನೈನ್ ಝೀರೋ." ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ವಿಮಾನ ನಿಧಾನವಾಗಿ ಬಲಕ್ಕೆ ವಾಲಿತು. ತೊಂಬತ್ತಕ್ಕೆ ಬಂದು ನಿಂತಿತು. ಎತ್ತರದ ಮುಳ್ಳು ಅಲುಗಿರಲಿಲ್ಲ.

ಮುಕ್ಕಾಲು ಗಂಟೆ ಆಡಿಸಿದರು. ಒಂದು ಉಪಕರಣ ಕೆಡಿಸಿದರು, ಗಾಳಿ ಎಬ್ಬಿಸಿದರು, ಎಂಜಿನ್ನಿನ ಶಕ್ತಿ ಇಳಿಸಿದರು. ಅವನು ನಡುಮನೆಗೆ ಹೋಗಿ ಬಂದು ಹೋಗಿ ಬಂದು ಎಲ್ಲವನ್ನೂ ಸಂಭಾಳಿಸಿದ. ಕೊನೆಗೆ, ಮೂತಿ ದಕ್ಷಿಣಕ್ಕೆ, ನೂರ ಎಂಬತ್ತಕ್ಕೆ ಇದ್ದಾಗ, ಚೀಫ್ "ಟರ್ನ್ ಲೆಫ್ಟ್ ಹೆಡ್ಡಿಂಗ್ ಟೂ ಸೆವೆನ್ ಝೀರೋ" ಅಂದರು.

ದಕ್ಷಿಣಕ್ಕೆ ಮುಖ ಮಾಡಿದವನಿಗೆ ಇನ್ನೂರ ಎಪ್ಪತ್ತು, ಅಂದರೆ ಪಶ್ಚಿಮ, ಬಲಗಡೆಗಿದೆ. ಎಡಕ್ಕೆ ಹೊರಟರೆ ಮುಕ್ಕಾಲು ಸುತ್ತು ಹಾಕಿ ಬರಬೇಕು. ಬಾಯಿತಪ್ಪೋ, ಗಾಳವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಲೆಫ್ಟ್ ಕೂಡ ಎಡ, ಎಡ್ಡಿಂಗ್ ಕೂಡ ಎಡ; ಹತ್ತು ದಿನದ ಹಿಂದಾಗಿದ್ದರೆ ಅವನ ಕೈ ಕುಣಿದುಕೊಂಡು ಹೋಗುತ್ತಿತ್ತು.

ಕೈ ಹೋಗಲಿಲ್ಲ. ವಿಮಾನ ನೇರ ಹೋಗುತ್ತಿತ್ತು. ಸ್ಪೀಕರಿನಲ್ಲಿ ಅವನ ದನಿ ಬಂತು. "ಟೂ ಸೆವೆನ್ ಝೀರೋ ಈಸ್ ಆನ್ ಮೈ ರೈಟ್ ಸಾರ್. ಕನ್ಫರ್ಮ್ ಲೆಫ್ಟ್ ಎಡ್ಡಿಂಗ್?"

ಚೀಫ್ ಎದುರಿನ ನಕ್ಷೆ ನೋಡಿದರು. ಗಂಟಲು ಸರಿಮಾಡಿಕೊಂಡು "ಕರೆಕ್ಷನ್. ಟರ್ನ್ ರೈಟ್" ಅಂದರು.

ಮೇಜಿನ ಮೇಲೆ ಫಾರಂ ಇತ್ತು. ಅವನು ಬೆವರು ಒರೆಸಿಕೊಂಡು ಎದುರಿಗೆ ಬಂದು ನಿಂತ. ಚೀಫ್ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಕನ್ನಡದಲ್ಲಿ ಮಾತಾಡಿದರು. ಆ ಕೋಣೆಯಲ್ಲಿ ಅವರು ವಿದ್ಯಾರ್ಥಿಯೊಬ್ಬನ ಜೊತೆ ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಾರಾಟದಲ್ಲಿ ತಪ್ಪಿಲ್ಲ. ಆದರೆ ಇದೇ ಬಾಯಿ ಇಟ್ಕೊಂಡು ಹೋದ್ರೆ ನಾಳೆ ಇಡೀ ಟವರ್ ನಗುತ್ತೆ, ನಮ್ಮ ಕೇಂದ್ರದ ಹೆಸರು ಕೆಡುತ್ತೆ. ಒಂದೇ ಒಂದು ಸಲ ನನ್ನೆದುರಿಗೆ ಸರಿಯಾಗಿ ಹೇಳು. ಹೆಡ್ಡಿಂಗ್. ಹೇಳು, ಈಗಲೇ ಸಹಿ ಹಾಕ್ತೀನಿ."

ನೋಟೀಸು ಕಿತ್ತವಳು ನಾನು, ನನ್ನನ್ನೂ ಮನೆಗೆ ಕಳಿಸಿ ಎಂದವಳು ನಾನು. ಆ ಹೊತ್ತಿನಲ್ಲಿ ನನ್ನ ಮನಸ್ಸು ಏನು ಹೇಳುತ್ತಿತ್ತು ಎಂದು ಮುಚ್ಚಿಡುವುದಿಲ್ಲ. ಹೇಳಿಬಿಡು ಮಾರಾಯ, ಒಂದು ಹ ತಾನೇ, ನಿನಗೆ ಬರುತ್ತೆ, ನಾನೇ ಕಲಿಸಿದ್ದೇನೆ, ಉಸಿರು ಊದು, ಹೇಳಿ ಬಚಾವಾಗು ಎಂದು ಬೇಡಿಕೊಳ್ಳುತ್ತಿತ್ತು. ನನ್ನ ಅಂಗೈ ತಾನಾಗಿಯೇ ಬಾಯಿಯ ಮುಂದೆ ಬಂದಿತ್ತು, ಅವನಿಗೆ ಕಾಣಲಿ ಎಂದು.

ಅವನು ನನ್ನ ಕೈ ನೋಡಿದ. ಆಮೇಲೆ ಚೀಫ್ ಕಡೆಗೆ ತಿರುಗಿ, ದನಿ ಎತ್ತರಿಸದೆ, ಅಳುಕದೆ ಅಂದ:

"ಎಡ್ಡಿಂಗ್ ಅಂತಾನೇ ಅಂದೆ ಸಾರ್. ಬಲಕ್ಕೇ ತಿರುಗ್ದೆ."

ಕೆಳಗೆ ಪ್ರೆಸ್ಸು ಬಡಿಯುತ್ತಿತ್ತು. ಚೀಫ್ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಫಾರಂ ಎಳೆದುಕೊಂಡು, ಲಾಯಕ್ಕು ಎಂದು ಬರೆದು ಸಹಿ ಹಾಕಿದರು, ನನ್ನ ಕಡೆಗೆ ತಳ್ಳಿದರು. ನಾನು ಬಾಯಿಯ ಮುಂದಿನಿಂದ ಕೈ ತೆಗೆದೆ. ಆ ಕೈಯಿಂದಲೇ ಸಹಿ ಹಾಕಬೇಕಾಯಿತು, ನಾಚಿಕೆಯಾಯಿತು.